ಅಪ್ಪಯ್ಯನ ಶುಗರ್ 6.1 ಬಂತು, ಡಾಕ್ಟರ್ ಮಾತ್ರೆ ನಿಲ್ಲಿಸಿದರು. ಇದು ಸರಿಯಾ?

ಸಾಗರದ_ತೋಟಿಗ · ಭಾನುವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು. ಬರೆಯುವುದು ಇದೇ ಮೊದಲು.

ನಮ್ಮ ಅಪ್ಪಯ್ಯನಿಗೆ 74 ವರ್ಷ. ಸಕ್ಕರೆ ಕಾಯಿಲೆ ಬಂದು ಹತ್ತೊಂಬತ್ತು ವರ್ಷ ಆಯಿತು. ಐದು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಮೊದಲೆಲ್ಲ ಮೂರು ತಿಂಗಳ ಶುಗರ್, ಅದೇ ಎಚ್‌ಬಿಎ1ಸಿ, ಎಂಟೂವರೆ, ಒಂಬತ್ತು ಅಂತ ಇರುತ್ತಿತ್ತು. ಕಳೆದ ವರ್ಷ ನಾನು ಹಟ ಹಿಡಿದು ಕೂತೆ. ಅನ್ನ ಒಂದು ಸೌಟಿಗೆ ಇಳಿಸಿದೆ. ಸಂಜೆಯ ಅವಲಕ್ಕಿ ನಿಲ್ಲಿಸಿದೆ. ಮಾತ್ರೆ ಒಂದೂ ತಪ್ಪದ ಹಾಗೆ ವಾರದ ಲೆಕ್ಕದಲ್ಲಿ ಡಬ್ಬಿಗೆ ತುಂಬಿಸಿ ಇಟ್ಟೆ. ಈ ಸಲ ರಿಪೋರ್ಟ್ 6.1 ಬಂತು.

ಮಗನಿಗೆ ರ‍್ಯಾಂಕ್ ಬಂದ ಹಾಗೆ ಖುಷಿಯಲ್ಲಿ ಡಾಕ್ಟರ್ ಹತ್ತಿರ ಹೋದೆ. ಅವರು ನೋಡಿ ಹುಬ್ಬು ಗಂಟಿಕ್ಕಿದರು. "ಇಷ್ಟು ಕಡಿಮೆ ಯಾಕೆ ಮಾಡಿದ್ರಿ? ಇವರಿಗೆ ಏಳೂವರೆ ಇದ್ದರೂ ಸಾಕು" ಅಂದರು. ಗ್ಲಿಮೆಪಿರೈಡ್ ಮಾತ್ರೆ ನಿಲ್ಲಿಸಿ ಮೆಟ್‌ಫಾರ್ಮಿನ್ ಮಾತ್ರ ಉಳಿಸಿದರು.

ಇಷ್ಟು ವರ್ಷ "ಇಳಿಸಿ, ಇಳಿಸಿ" ಅಂತ ಬೈದವರೇ ಈಗ ಇಳಿದದ್ದು ಜಾಸ್ತಿ ಆಯಿತು ಅಂದರೆ ಏನು ಅರ್ಥ? ವಯಸ್ಸಾಯಿತಲ್ಲ ಇನ್ನೇನು ಅಂತ ಕೈಬಿಟ್ಟರಾ? ಬೇರೆ ಡಾಕ್ಟರಿಗೆ ತೋರಿಸಬೇಕಾ?

ಅಂಕಿಸಂಖ್ಯೆ · ಭಾನುವಾರ ರಾತ್ರಿ 10:05

ತೋಟಿಗರೇ, ಅವರು ಕೈಬಿಟ್ಟಿಲ್ಲ. ನಿಮ್ಮ ಡಾಕ್ಟರ್ ಓದಿಕೊಂಡವರು ಅಂತ ಕಾಣುತ್ತದೆ.

ನಾನು ವೈದ್ಯ ಅಲ್ಲ. ಔಷಧಿ ಪ್ರಯೋಗಗಳ ಅಂಕಿಅಂಶ ನೋಡುವ ಕೆಲಸವನ್ನು ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಹೊಸಬರು ಕೆಲಸಕ್ಕೆ ಸೇರಿದರೆ ನಾನು ಮೊದಲು ಹೇಳುವ ಕಥೆ ಅಕಾರ್ಡ್ ಪ್ರಯೋಗದ್ದು. ಅಮೆರಿಕ, ಕೆನಡಾ ಎರಡೂ ಕಡೆ ಸೇರಿ 10,251 ಜನ. ಎಲ್ಲರಿಗೂ ಟೈಪ್ 2, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಶುಗರ್. ಸರಾಸರಿ ವಯಸ್ಸು 62. ಶುಗರ್ ಬಂದು ಹತ್ತು ವರ್ಷದ ಆಸುಪಾಸು ಆದವರು. ಹೃದಯದ ತೊಂದರೆ ಆಗಲೇ ಇದ್ದವರು, ಇಲ್ಲವೇ ಬರುವ ಅಪಾಯ ಜಾಸ್ತಿ ಇದ್ದವರು. ನಿಮ್ಮ ಅಪ್ಪಯ್ಯನ ಜಾತಕ ಹೆಚ್ಚುಕಡಿಮೆ ಇದೇ ಅಲ್ವಾ?

ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಚ್‌ಬಿಎ1ಸಿ 6ರ ಕೆಳಗೆ ತರುವ ಗುರಿ. ಇನ್ನೊಂದಕ್ಕೆ 7ರಿಂದ 7.9. ಬಿಗಿ ಹಿಡಿದ ಗುಂಪು 6.4ಕ್ಕೆ ಇಳಿಯಿತು, ಇನ್ನೊಂದು 7.5ರಲ್ಲಿ ನಿಂತಿತು. ಕಡಿಮೆ ಇದ್ದವರೇ ಚೆನ್ನಾಗಿರುತ್ತಾರೆ ಅಂತ ಎಲ್ಲರೂ ಕಾದಿದ್ದರು. 2008ರ ಫೆಬ್ರವರಿಯಲ್ಲಿ ಬಿಗಿ ಚಿಕಿತ್ಸೆಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಆ ಗುಂಪಿನಲ್ಲಿ 257 ಜನ ಸತ್ತಿದ್ದರು. ಇನ್ನೊಂದರಲ್ಲಿ 203.

ಯಾಕೆ ಹೀಗಾಯಿತು ಅಂತ ಇವತ್ತಿಗೂ ಯಾರೂ ಬೆರಳಿಟ್ಟು ತೋರಿಸಿಲ್ಲ. ಶುಗರ್ ಲೋ ಆಗಿದ್ದೇ ಕಾರಣ ಅಂತ ಕೆಲವರು. ಆದರೆ ಎಷ್ಟು ಔಷಧಿ ಸುರಿದರೂ ಶುಗರ್ ಇಳಿಯದವರೇ ಆ ಗುಂಪಿನಲ್ಲಿ ಜಾಸ್ತಿ ಸತ್ತರು ಅಂತ ಆಮೇಲಿನ ಲೆಕ್ಕ ತೋರಿಸಿತು. ಅಂದರೆ ಔಷಧಿಯ ಒತ್ತಡವೇ ಏನೋ ಮಾಡಿರಬಹುದು.

ಅದೇ ವರ್ಷ ಅಡ್ವಾನ್ಸ್ ಅಂತ ಇನ್ನೊಂದು ಪ್ರಯೋಗದ ಫಲಿತಾಂಶವೂ ಬಂತು. 20 ದೇಶ, 11,140 ಜನ, ಅದರಲ್ಲಿ ನಮ್ಮ ದೇಶವೂ ಇತ್ತು. ಅಲ್ಲಿ ನಿಧಾನವಾಗಿ 6.5ಕ್ಕೆ ತಂದರು. ಸಾವು ಹೆಚ್ಚಲಿಲ್ಲ, ಕಿಡ್ನಿಗೆ ಒಳ್ಳೆಯದೇ ಆಯಿತು. ಆದರೆ ಹಾರ್ಟ್ ಅಟ್ಯಾಕ್ ಅಲ್ಲೂ ಕಡಿಮೆ ಆಗಲಿಲ್ಲ. ಇದೆಲ್ಲ ನೋಡಿದ ಮೇಲೆ ಅಮೆರಿಕದ ಡಯಾಬಿಟಿಸ್ ಸಂಘ ಈಗ ಬೇರೆ ಕಾಯಿಲೆಗಳೂ ಇರುವ ಹಿರಿಯರಿಗೆ 8ರ ಒಳಗೆ ಇದ್ದರೆ ಸಾಕು ಅನ್ನುತ್ತದೆ.

ಹುಬ್ಬಳ್ಳಿ_ಕಾಕಾ · ಭಾನುವಾರ ರಾತ್ರಿ 10:31

ತಮ್ಮಾ, ಈ ಅಮೆರಿಕದ ಲೆಕ್ಕ ಎಲ್ಲ ಬಿಡು. ಮಾತ್ರೆ ನಿಲ್ಲಿಸಿದ್ದು ಒಳ್ಳೇದೇ ಆತು. ಉಳಿದ ಒಂದನ್ನೂ ನಿಲ್ಲಿಸು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ, ರಾತ್ರಿ ನೆನೆಸಿದ ಮೆಂತ್ಯ. ಹನ್ನೊಂದು ವರ್ಷದಿಂದ ನಾನು ಇದರ ಮ್ಯಾಲೇ ಇದ್ದೇನೆ. ಮಾತ್ರೆ ಮಾರುವ ಕಂಪನಿಗಳೇ ಪ್ರಯೋಗ ಮಾಡಿಸುತ್ತಾವೆ. ಅವು ಮತ್ತೇನು ಹೇಳಾವು?

ದಾವಣಗೆರೆ_ಟೈಪ್‌ಒನ್ · ಭಾನುವಾರ ರಾತ್ರಿ 10:48

ಕಾಕಾ ಅವರಿಗೆ ನಾಳೆ ಉತ್ತರ ಕೊಡೋಣ. ತೋಟಿಗರೇ, ಮೊದಲು ಒಂದು ಮಾತು. ಅಪ್ಪಯ್ಯ ರಾತ್ರಿ ಬೆವರುತ್ತಾರಾ? ಬೆಳಿಗ್ಗೆ ಎದ್ದಾಗ ತಲೆನೋವು, ಮಂಕು, ಸುಮ್ಮಸುಮ್ಮನೆ ಸಿಟ್ಟು, ಇಂಥದ್ದೇನಾದರೂ ಇತ್ತಾ? ಯಾರೂ ಕೇಳುತ್ತಿಲ್ಲವಲ್ಲ ಅಂತ ಕೇಳಿದೆ.

ಸಾಗರದ_ತೋಟಿಗ · ಭಾನುವಾರ ರಾತ್ರಿ 11:20

ನಿಮ್ಮ ಪ್ರಶ್ನೆ ಓದಿ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ.

ಎರಡು ತಿಂಗಳ ಹಿಂದೆ ಒಂದು ರಾತ್ರಿ ಅಡುಗೆಮನೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅಪ್ಪಯ್ಯ ಕತ್ತಲಲ್ಲಿ ನಿಂತು ಬೆಲ್ಲ ತಿನ್ನುತ್ತಿದ್ದರು. ಜೋನಿಬೆಲ್ಲದ ಡಬ್ಬಿಗೆ ಕೈ ಹಾಕಿ ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಬನಿಯನ್ ಪೂರಾ ಒದ್ದೆ. "ಬೆಳಗಾಯ್ತೇನೋ?" ಅಂತ ಕೇಳಿದರು. ಗಂಟೆ ಮೂರೂಕಾಲು.

ನಾನು ಏನು ಮಾಡಿದೆ ಗೊತ್ತಾ? ಕದ್ದು ಬೆಲ್ಲ ತಿನ್ನುತ್ತಾರೆ ಅಂತ ಬೈದೆ. ಮರುದಿನ ಬೆಲ್ಲದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ದಾವಣಗೆರೆ_ಟೈಪ್‌ಒನ್ · ಭಾನುವಾರ ರಾತ್ರಿ 11:34

ಅದು ಕಳ್ಳತನ ಅಲ್ಲ ಅಣ್ಣ. ಶುಗರ್ ಲೋ ಆಗಿ ಮೈ ಬೆಲ್ಲ ಬೇಡಿದ್ದು. ನಾಳೆಯೇ ಬೀಗ ತೆಗೆಯಿರಿ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಮನೆಯಲ್ಲೂ ಇದೇ ಆಗಿತ್ತು. ಹತ್ತನೇ ಕ್ಲಾಸಿನಲ್ಲಿ ನನಗೆ ಲೋ ಆಗಿ ತೊದಲಿದಾಗ ಮೇಷ್ಟ್ರು ನಾಟಕ ಅಂದುಕೊಂಡು ಹೊರಗೆ ನಿಲ್ಲಿಸಿದ್ದರು.

ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಊಟ ಮಾಡಿದ್ದೀರಾ ಇಲ್ವಾ ಅಂತ ಕೇಳುವುದಿಲ್ಲ. ಮೇದೋಜೀರಕದಿಂದ ಇನ್ಸುಲಿನ್ ಹಿಂಡಿಸುತ್ತದೆ. ನೀವು ಅನ್ನ ಇಳಿಸಿದಿರಿ, ಅವಲಕ್ಕಿ ನಿಲ್ಲಿಸಿದಿರಿ, ಮಾತ್ರೆ ಅಷ್ಟೇ ಇತ್ತು. ವಯಸ್ಸಾದವರ ಕಿಡ್ನಿ ನಿಧಾನ ಆದರೆ ಅದು ಮೈಯಲ್ಲಿ ಇನ್ನೂ ಹೊತ್ತು ಉಳಿಯುತ್ತದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಾಮಾನ್ಯವಾಗಿ ಹೀಗೆ ಲೋ ಆಗುವುದಿಲ್ಲ. ಡಾಕ್ಟರ್ ಯಾವುದನ್ನು ತೆಗೆದರು, ಯಾವುದನ್ನು ಉಳಿಸಿದರು ನೋಡಿ. ಉತ್ತರ ಅಲ್ಲೇ ಇದೆ.

ನಿರ್ವಾಹಕ · ಸೋಮವಾರ ಬೆಳಿಗ್ಗೆ 7:02

ಚರ್ಚೆ ಚೆನ್ನಾಗಿದೆ, ಮುಂದುವರಿಯಲಿ. ಆದರೆ ಮಾತ್ರೆ ಬಿಡಿ, ಹಿಡಿ, ಡೋಸ್ ಇಷ್ಟು ಅಂತ ಇಲ್ಲಿ ಯಾರೂ ಹೇಳಬೇಡಿ. ಕಾಕಾ, ಇದು ನಿಮಗೇ.

ಲ್ಯಾಬ್_ಟೇಬಲ್ಲು · ಸೋಮವಾರ ಬೆಳಿಗ್ಗೆ 8:15

ತುಮಕೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ನಾನು. ರಿಪೋರ್ಟ್ ಕೈಗೆ ಕೊಡುವಾಗ ಜನ ಆ ಒಂದು ಅಂಕಿ ನೋಡಿ ಮುಖ ಅರಳಿಸುತ್ತಾರೆ, ಇಲ್ಲ ಬಾಡಿಸುತ್ತಾರೆ. ಅದು ಏನು ಅಂತ ಹೇಳುತ್ತೇನೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ಅದು ಸಕ್ಕರೆಯ ನಡುವೆಯೇ ಓಡಾಡುತ್ತದೆ. ಎಷ್ಟು ಸಕ್ಕರೆ ಅಂಟಿಕೊಂಡಿದೆ ಅನ್ನುವುದೇ ಎಚ್‌ಬಿಎ1ಸಿ. ಜಾಮೂನು ಪಾಕದಲ್ಲಿ ನೆನೆದ ಹಾಗೆ ಅಂದುಕೊಳ್ಳಿ.

6.1 ಅಂದರೆ ಸರಾಸರಿ 128 ಮಿಲಿಗ್ರಾಂ. ಆದರೆ ಅದು ಸರಾಸರಿ ಅಷ್ಟೇ. ಮಧ್ಯಾಹ್ನ 200, ರಾತ್ರಿ ಮೂರಕ್ಕೆ 56 ಇದ್ದರೂ ಸರಾಸರಿ 128 ಬರುತ್ತದೆ. ಹಗಲೂ ರಾತ್ರಿ 128ರ ಹತ್ತಿರವೇ ಇದ್ದರೂ 128. ಕಾಗದದ ಮೇಲೆ ಇಬ್ಬರೂ ಒಂದೇ.

ಇನ್ನೊಂದು ವಿಷಯ. ಹಿಮೋಗ್ಲೋಬಿನ್ ಎಷ್ಟಿದೆ? ಕಬ್ಬಿಣದ ಕೊರತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಇತ್ತೀಚೆಗೆ ರಕ್ತಸ್ರಾವ ಆಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ ಕಡಿಮೆ ತೋರಿಸಬಹುದು. ಸಿಕಲ್ ಸೆಲ್ ಅನ್ನುವ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವವರಲ್ಲಿ ಈ ಅಂಕಿಯನ್ನು ನಂಬುವಂತೆಯೇ ಇಲ್ಲ. ನಾವು ಅಂಕಿ ಮುದ್ರಿಸಿ ಕೊಡುತ್ತೇವೆ, ಇದನ್ನೆಲ್ಲ ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ.

ಸಾಗರದ_ತೋಟಿಗ · ಸೋಮವಾರ ಮಧ್ಯಾಹ್ನ 1:40

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಹಿಮೋಗ್ಲೋಬಿನ್ 10.2 ಇದೆ, ರಕ್ತ ಹಾಕಿಸಿಲ್ಲ. ಕಬ್ಬಿಣದ ಟೆಸ್ಟ್ ಮಾಡಿಸಬೇಕಾ ಅಂತ ಮುಂದಿನ ಸಲ ಕೇಳುತ್ತೇನೆ.

ಈಗ ಅಳುಕುತ್ತಲೇ ಇನ್ನೊಂದು ಕೇಳುತ್ತೇನೆ. ನನಗೆ 43. ನಾಲ್ಕು ತಿಂಗಳ ಹಿಂದೆ ಸೊಸೈಟಿಯ ಆರೋಗ್ಯ ಶಿಬಿರದಲ್ಲಿ ನನ್ನದೂ ನೋಡಿದರು. 7.8 ಬಂತು. ಮನೆಯಲ್ಲಿ ಹೇಳಿಲ್ಲ. ಕೊಯ್ಲು ಮುಗಿಯಲಿ ಅಂತ ಸುಮ್ಮನಿದ್ದೆ. ಮೈಯಲ್ಲಿ ಏನೂ ತೊಂದರೆ ಇಲ್ಲ. ಅಪ್ಪಯ್ಯನಿಗೆ ಏಳೂವರೆ, ಎಂಟು ಸಾಕು ಅಂದರೆ ನನಗೂ ಪರವಾಗಿಲ್ಲ ಅಂತ ಆಯಿತಲ್ಲ?

ದಾವಣಗೆರೆ_ಟೈಪ್‌ಒನ್ · ಸೋಮವಾರ ಮಧ್ಯಾಹ್ನ 1:52

ಇಲ್ಲ!

ಅಂಕಿಸಂಖ್ಯೆ · ಸೋಮವಾರ ಮಧ್ಯಾಹ್ನ 2:30

ಇದೇ ಪ್ರಶ್ನೆ ಬರುತ್ತದೆ ಅಂತ ಭಯ ಇತ್ತು. ಅಪ್ಪಯ್ಯನಿಗೆ ಹೇಳಿದ್ದು ನಿಮಗೆ ಹೊಂದುವುದಿಲ್ಲ. ಪೂರ್ತಿ ಉಲ್ಟಾ.

ಬ್ರಿಟನ್ನಿನಲ್ಲಿ ಯುಕೆಪಿಡಿಎಸ್ ಅಂತ ಒಂದು ಪ್ರಯೋಗ ನಡೆಯಿತು. ಆಕ್ಸ್‌ಫರ್ಡಿನ ರಾಬರ್ಟ್ ಟರ್ನರ್, ರೂರಿ ಹೋಲ್ಮನ್ ನಡೆಸಿದ್ದು. 1977ರಲ್ಲಿ ಶುರು, 1997ರಲ್ಲಿ ಮುಕ್ತಾಯ. 23 ಆಸ್ಪತ್ರೆ, 5,102 ಜನ. ಎಲ್ಲರೂ ಹೊಸದಾಗಿ ಶುಗರ್ ಕಂಡವರು, ನಿಮ್ಮ ಹಾಗೆ. ಬಿಗಿ ಚಿಕಿತ್ಸೆಯವರು ಹತ್ತು ವರ್ಷದಲ್ಲಿ ಸರಾಸರಿ 7.0 ಇದ್ದರು, ಉಳಿದವರು 7.9. ನೋಡಿ, ನಿಮ್ಮ 7.8 ಸೋತ ಗುಂಪಿನ ಅಂಕಿ. ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳದ ತೊಂದರೆ ಬಿಗಿ ಗುಂಪಿನಲ್ಲಿ ಶೇ 25 ಕಡಿಮೆ ಆಯಿತು.

ಶೇಕಡಾ ಲೆಕ್ಕ ನೋಡಿ ಹಿಗ್ಗಬಾರದು ಅಂತ ನನ್ನ ಕಸುಬು ಕಲಿಸಿದೆ. ಬಿಡಿಸಿ ಹೇಳಿದರೆ ಸಾವಿರ ಜನರನ್ನು ಒಂದು ವರ್ಷ ನೋಡಿದಾಗ 11.4 ತೊಂದರೆ ಆಗುವ ಕಡೆ 8.6 ಆಯಿತು. ವರ್ಷಕ್ಕೆ ಸಣ್ಣದು. ಆದರೆ ನಿಮಗಿನ್ನೂ ಮೂವತ್ತು ವರ್ಷದ ದಾರಿ ಇದೆ.

ನನಗೆ ಇಷ್ಟವಾದ ಭಾಗ ಇದರ ನಂತರದ್ದು. ಪ್ರಯೋಗ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಡಾಕ್ಟರ ಹತ್ತಿರ ಹೋದರು. ಒಂದೇ ವರ್ಷದಲ್ಲಿ ಎರಡು ಗುಂಪಿನ ಶುಗರ್ ಒಂದೇ ಆಗಿಬಿಟ್ಟಿತು. ವ್ಯತ್ಯಾಸವೇ ಇಲ್ಲ. ಆದರೂ ಹತ್ತು ವರ್ಷ ಬೆನ್ನು ಹತ್ತಿ ನೋಡಿ 2008ರಲ್ಲಿ ಲೆಕ್ಕ ಹಾಕಿದರೆ, ಮೊದಲ ವರ್ಷಗಳಲ್ಲಿ ಸಲ್ಫನೈಲ್‌ಯೂರಿಯಾ (ಗ್ಲಿಮೆಪಿರೈಡ್ ಜಾತಿಯ ಮಾತ್ರೆ), ಇನ್ಸುಲಿನ್ ಹಿಡಿದು ಬಿಗಿ ಇದ್ದವರಲ್ಲಿ ಹಾರ್ಟ್ ಅಟ್ಯಾಕ್ ಶೇ 15 ಕಡಿಮೆ, ಸಾವು ಶೇ 13 ಕಡಿಮೆ. ಮೊದಲೇ ಮೆಟ್‌ಫಾರ್ಮಿನ್ ಪಡೆದ ದಪ್ಪ ಮೈಯವರಲ್ಲಿ ಲಾಭ ಇನ್ನೂ ಜಾಸ್ತಿ. ಆರಂಭದ ವರ್ಷಗಳನ್ನು ಮೈ ನೆನಪಿಟ್ಟುಕೊಂಡಿತ್ತು.

ಅದೇ ಪ್ರಯೋಗದಲ್ಲಿ ಬಿಪಿಯನ್ನೂ ನೋಡಿದರು. ಸರಾಸರಿ 154ರ ಬದಲು 144ಕ್ಕೆ ಇಳಿಸಿದವರಲ್ಲಿ ಪಾರ್ಶ್ವವಾಯು ಶೇ 44 ಕಡಿಮೆ. ಶುಗರ್‌ಗಿಂತ ದೊಡ್ಡ ಲಾಭ. ಆದರೆ ಪ್ರಯೋಗ ಮುಗಿದು ಬಿಪಿ ಸಡಿಲ ಬಿಟ್ಟ ಕೂಡಲೇ ಆ ಲಾಭ ಕರಗಿಹೋಯಿತು. ಶುಗರ್‌ಗೆ ನೆನಪಿದೆ, ಬಿಪಿಗೆ ಇಲ್ಲ. ಅಪ್ಪಯ್ಯನ ಬಿಪಿ ಮಾತ್ರೆ ಮಾತ್ರ ತಪ್ಪಿಸಬೇಡಿ.

ದಾವಣಗೆರೆ_ಟೈಪ್‌ಒನ್ · ಸೋಮವಾರ ಸಂಜೆ 6:10

ಆಗ ಒಂದೇ ಮಾತಿನಲ್ಲಿ "ಇಲ್ಲ" ಅಂದು ಓಡಿದೆ, ಬ್ಯಾಂಕಿನಲ್ಲಿದ್ದೆ. ಈಗ ಹೇಳುತ್ತೇನೆ.

ನನಗೆ ಒಂಬತ್ತು ವರ್ಷ ಇದ್ದಾಗ, 1996ರಲ್ಲಿ, ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಶುಗರ್, ಅಂತ ಗೊತ್ತಾಯಿತು. ಫ್ರಿಜ್ ಇಲ್ಲದ ಮನೆ. ಅಮ್ಮ ಒಂದು ಮಡಕೆಯೊಳಗೆ ಇನ್ನೊಂದು ಸಣ್ಣ ಮಡಕೆ ಇಟ್ಟು, ನಡುವೆ ಮರಳು ತುಂಬಿ, ದಿನಾ ನೀರು ಹಾಕಿ ಒದ್ದೆ ಮಾಡಿ, ಒಳಗೆ ಇನ್ಸುಲಿನ್ ಬಾಟಲಿ ಇಡುತ್ತಿದ್ದಳು. ದಿನಕ್ಕೆ ಎರಡು ಇಂಜೆಕ್ಷನ್. ಮಗು ಬದುಕಿದರೆ ಸಾಕು ಅನ್ನುವುದೇ ಎಲ್ಲರ ಗುರಿ.

ಅದಕ್ಕೆ ಮೂರು ವರ್ಷ ಮೊದಲೇ, 1993ರಲ್ಲಿ, ಡಿಸಿಸಿಟಿ ಪ್ರಯೋಗದ ಫಲಿತಾಂಶ ಬಂದಿತ್ತು ಅಂತ ನನಗೆ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ. 1,441 ಜನ, ಎಲ್ಲರೂ 13ರಿಂದ 39 ವರ್ಷದ ಟೈಪ್ 1ನವರು. ಒಂದು ಗುಂಪಿಗೆ ಮಾಮೂಲಿ ಒಂದೆರಡು ಇಂಜೆಕ್ಷನ್, ಎಚ್‌ಬಿಎ1ಸಿ ಸುಮಾರು 9. ಇನ್ನೊಂದಕ್ಕೆ ದಿನಕ್ಕೆ ಮೂರು ಅಥವಾ ಹೆಚ್ಚು ಇಂಜೆಕ್ಷನ್, ಇಲ್ಲವೇ ಪಂಪ್, ಸುಮಾರು 7. ಆರೂವರೆ ವರ್ಷದಲ್ಲಿ ಬಿಗಿ ಗುಂಪಿನಲ್ಲಿ ಹೊಸದಾಗಿ ಕಣ್ಣಿನ ಪರದೆಯ ತೊಂದರೆ ಬರುವುದು ಶೇ 76 ಕಡಿಮೆ. ನರದ ತೊಂದರೆ ಶೇ 60 ಕಡಿಮೆ. ಬೆಲೆಯೂ ಕೊಟ್ಟರು. ಇನ್ನೊಬ್ಬರು ಬಂದು ಎಬ್ಬಿಸಬೇಕಾದಂಥ ಲೋ ಅವರಲ್ಲಿ ಮೂರು ಪಟ್ಟು ಜಾಸ್ತಿ.

ಅಂಕಿಸಂಖ್ಯೆ ಹೇಳಿದ ನೆನಪಿನ ಕಥೆ ಇಲ್ಲೂ ಇದೆ. ಪ್ರಯೋಗ ಮುಗಿದು ಎರಡೂ ಗುಂಪು 8ರ ಹತ್ತಿರ ಬಂದು ಸೇರಿದವು. ಆದರೂ ಮೊದಲು ಬಿಗಿ ಇದ್ದವರ ಕಣ್ಣು, ಕಿಡ್ನಿ ಎಷ್ಟೋ ವರ್ಷ ಚೆನ್ನಾಗಿಯೇ ಉಳಿದವು. 2005ರಲ್ಲಿ ನೋಡಿದಾಗ ಹೃದಯ, ರಕ್ತನಾಳದ ತೊಂದರೆಯೂ ಶೇ 42 ಕಡಿಮೆ ಇತ್ತು.

ನನ್ನ ಮೊದಲ ಹತ್ತು ವರ್ಷ 10ರ ಮೇಲೆಯೇ ಇತ್ತು. ಆಮೇಲೆ ಎಷ್ಟು ಚೆನ್ನಾಗಿ ನೋಡಿಕೊಂಡರೂ ಎಡಗಣ್ಣಿಗೆ ಲೇಸರ್ ಆಗಿದೆ. ಯಾರನ್ನೂ ದೂರುತ್ತಿಲ್ಲ. ಆದರೆ ನಿಮ್ಮ ಕೈಯಲ್ಲಿ ಆ ಮೊದಲ ವರ್ಷಗಳು ಇನ್ನೂ ಇವೆ ಅಣ್ಣ. ಕೊಯ್ಲು ಮುಗಿಯಲಿ ಅಂತೀರಲ್ಲ!

ಹಾಂ, ಒಂದು ಎಚ್ಚರ. ಮೊದಲು ಕಣ್ಣು ತೋರಿಸಿ. ಪರದೆಯಲ್ಲಿ ಆಗಲೇ ತೊಂದರೆ ಇದ್ದರೆ, ಶುಗರ್ ದಡಬಡ ಇಳಿಸಿದಾಗ ಅದು ಸ್ವಲ್ಪ ದಿನ ಹೆಚ್ಚುವುದುಂಟು. ಡಿಸಿಸಿಟಿಯಲ್ಲೂ ಕೆಲವರಿಗೆ ಹಾಗಾಗಿತ್ತು.

ಹುಬ್ಬಳ್ಳಿ_ಕಾಕಾ · ಸೋಮವಾರ ರಾತ್ರಿ 8:20

ಏ ತಂಗಿ, ನೀ ಬರೆದದ್ದು ಓದಿ ಮನಸ್ಸಿಗೆ ಕೆಟ್ಟನಿಸಿತು. ನಿನಗೆ ಇನ್ಸುಲಿನ್ ಬಿಡು ಅಂತ ನಾ ಎಂದೂ ಅನ್ನಾವಲ್ಲ. ಟೈಪ್ 1 ಬೇರೆ ಅನ್ನೋದು ನನಗೆ ಗೊತ್ತದ. ಆದರೂ ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಕಂಪನಿ ರೊಕ್ಕ ಹಾಕಿ ಮಾಡಿಸಿದ ಪ್ರಯೋಗ ನಂಬೋದು ಹ್ಯಾಂಗ?

ಅಂಕಿಸಂಖ್ಯೆ · ಸೋಮವಾರ ರಾತ್ರಿ 9:15

ಕಾಕಾ, ಅನುಮಾನ ಪಡುವುದು ಸರಿಯೇ. ಡಿಸಿಸಿಟಿ, ಅಕಾರ್ಡ್ ಎರಡೂ ಅಮೆರಿಕ ಸರ್ಕಾರದ ಹಣದಲ್ಲಿ ನಡೆದವು. ಅಕಾರ್ಡ್ ಫಲಿತಾಂಶದಿಂದ ಯಾವ ಕಂಪನಿಗೂ ಲಾಭ ಆಗಲಿಲ್ಲ. ಔಷಧಿ ಕಡಿಮೆ ಕೊಡಿ ಅಂತಲೇ ಅದು ಹೇಳಿದ್ದು.

ಮೆಟ್‌ಫಾರ್ಮಿನ್ ಬಗ್ಗೆಯೂ ಕೇಳಿ. ಅದರ ಬೇರು ಒಂದು ಗಿಡದಲ್ಲಿದೆ, ಯುರೋಪಿನ ಗಲೇಗಾ ಅಂತ. ಹಳ್ಳಿ ಮದ್ದಿನಲ್ಲಿ ಬಳಸುತ್ತಿದ್ದರು. ಅದರಲ್ಲಿದ್ದ ರಾಸಾಯನಿಕದ ಜಾಡು ಹಿಡಿದು ಮಾತ್ರೆ ಮಾಡಿದರು. 1957ರಲ್ಲಿ ಪ್ಯಾರಿಸ್ಸಿನ ಜೀನ್ ಸ್ಟರ್ನ್ ಮನುಷ್ಯರಲ್ಲಿ ಬಳಸಿ ವರದಿ ಬರೆದರು. ಗಿಡ ಅಂತ ಯಾರೂ ತಳ್ಳಲಿಲ್ಲ, ಪರೀಕ್ಷೆ ಮಾಡಿದರು ಅಷ್ಟೇ. ಹಾಗಲಕಾಯಿಯನ್ನೂ ಪರೀಕ್ಷೆ ಮಾಡಿದ್ದಾರೆ, ಸಣ್ಣ ಸಣ್ಣ ಪ್ರಯೋಗಗಳು. ಮಾತ್ರೆ ಬಿಡುವಷ್ಟು ಧೈರ್ಯ ಅವು ಕೊಡುವುದಿಲ್ಲ. ಪಲ್ಯ ಮಾಡಿಕೊಂಡು ತಿನ್ನಿ, ಯಾರು ಬೇಡ ಅಂದರು? ನಿಮ್ಮ ಎಚ್‌ಬಿಎ1ಸಿ ಎಷ್ಟು ಅಂತ ಮಾತ್ರ ಹೇಳಲಿಲ್ಲ ನೀವು.

ಕಂಪನಿ ದುಡ್ಡಿನದೂ ಒಂದು ಹೇಳುತ್ತೇನೆ. ರೋಸಿಗ್ಲಿಟಜೋನ್ ಅನ್ನುವ ಮಾತ್ರೆಯಿಂದ ಹೃದಯಕ್ಕೆ ಹಾನಿ ಅಂತ ಗಲಾಟೆ ಎದ್ದ ಮೇಲೆ 2008ರಲ್ಲಿ ಅಮೆರಿಕದ ಔಷಧ ಇಲಾಖೆ ಒಂದು ನಿಯಮ ತಂದಿತು. ಶುಗರ್ ಇಳಿಸಿದರೆ ಸಾಲದು, ಹೃದಯಕ್ಕೆ ಕೆಡುಕಿಲ್ಲ ಅಂತ ತೋರಿಸಿ ಅಂತ. ಕೆಡುಕಿಲ್ಲ ಅಂತ ತೋರಿಸಲು ಹೋದ ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆಯ ಪ್ರಯೋಗದಲ್ಲಿ, 2015ರಲ್ಲಿ, ಹೃದಯದ ಕಾಯಿಲೆಯಿಂದ ಆಗುವ ಸಾವು ಶೇ 38 ಕಡಿಮೆ ಬಂತು. ಶುಗರ್ ಮಾತ್ರ ಅಷ್ಟೇನೂ ಇಳಿದಿರಲಿಲ್ಲ! ಶುಗರಿನ ಅಂಕಿ ಒಂದು ದಾರಿ, ಹೃದಯ ಇನ್ನೊಂದು ದಾರಿ. ಸ್ಟೆಂಟ್ ಇರುವ ಅಪ್ಪಯ್ಯನಿಗೆ ಇದು ಸರಿಹೋಗುತ್ತದಾ ಅಂತ ಡಾಕ್ಟರನ್ನು ಕೇಳಬಹುದು. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಬೆಲೆಯೂ ತುಂಬಾ ಇಳಿದಿದೆ.

ಹುಬ್ಬಳ್ಳಿ_ಕಾಕಾ · ಸೋಮವಾರ ರಾತ್ರಿ 9:22

ನಂದು ನೋಡಿಸಿ ಎರಡು ವರ್ಷ ಆತು. ಈ ವಾರ ನೋಡಿಸ್ತೀನಿ. ಇಷ್ಟಕ್ಕೆ ಬಿಡ್ರಿ.

ಸಾಗರದ_ತೋಟಿಗ · ಸೋಮವಾರ ರಾತ್ರಿ 10:40

ನಾಳೆ ಹೋಗುತ್ತೇನೆ, ಬೈಯಬೇಡಿ. ಆದರೆ ನನಗೆ ಹೇಗೆ ಬಂತು ಅಂತಲೇ ಅರ್ಥ ಆಗುತ್ತಿಲ್ಲ. ನಾನು ದಪ್ಪ ಇಲ್ಲ. 64 ಕೆಜಿ. ದಿನಾ ತೋಟದಲ್ಲಿ ಓಡಾಡುತ್ತೇನೆ. ಸ್ವಲ್ಪ ಹೊಟ್ಟೆ ಇದೆ, ಅಷ್ಟೇ.

ಬೆಟ್ಟದ_ತಪ್ಪಲು · ಮಂಗಳವಾರ ಬೆಳಿಗ್ಗೆ 6:30

ಆ "ಸ್ವಲ್ಪ ಹೊಟ್ಟೆ"ಯ ಬಗ್ಗೆ ಒಂದು ತಮಾಷೆ ಪಟ ಇದೆ. ಪುಣೆಯ ಡಾಕ್ಟರ್ ಯಾಜ್ಞಿಕ್, ಲಂಡನ್ನಿನ ಡಾಕ್ಟರ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಎತ್ತರಕ್ಕೆ ತಕ್ಕ ತೂಕ ಇಬ್ಬರದೂ ಒಂದೇ, ಬಿಎಂಐ 22.3. ಮೈಯ ಕೊಬ್ಬು ಅಳೆದರೆ ಯುಡ್ಕಿನ್‌ಗೆ ಶೇ 9.1, ನಮ್ಮ ಯಾಜ್ಞಿಕ್‌ಗೆ ಶೇ 21.2. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲೇ ಪ್ರಕಟವಾಯಿತು. ನಮ್ಮ ಜನ ನೋಡಲು ತೆಳ್ಳಗೆ, ಒಳಗೆ ಕೊಬ್ಬು. ತಕ್ಕಡಿ ಅದನ್ನು ಹೇಳುವುದಿಲ್ಲ.

ಇದರ ಒಂದು ಎಳೆ ನಮ್ಮ ಮೈಸೂರಿನಲ್ಲೇ ಇದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮ ಕಾಲದವರ ಬಾಯಲ್ಲಿ ಮಿಷನ್ ಆಸ್ಪತ್ರೆ. ನಾನು ಹುಟ್ಟಿದ್ದೂ ಅಲ್ಲೇ, 1951ರಲ್ಲಿ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಬರೆದಿಟ್ಟಿದ್ದರು. ತೊಂಬತ್ತರ ದಶಕದಲ್ಲಿ ಆ ಹಳೇ ದಾಖಲೆ ಹಿಡಿದು, ಇಂಗ್ಲೆಂಡಿನ ಸೌತಾಂಪ್ಟನ್‌ನವರೂ ಇಲ್ಲಿಯವರೂ ಸೇರಿ, ಆ ಮಕ್ಕಳು ಈಗ ಎಲ್ಲಿದ್ದಾರೆ ಅಂತ ಹುಡುಕಿಕೊಂಡು ಹೊರಟರು. ನಮ್ಮ ಬೀದಿಯ ಒಬ್ಬರು ಸಿಕ್ಕಿದರು. ನಾನು ಮದುವೆಯಾಗಿ ಮಂಡ್ಯಕ್ಕೆ ಹೋಗಿದ್ದೆ, ಸಿಗಲಿಲ್ಲ. ಇವತ್ತಿಗೂ ಬೇಜಾರಿದೆ!

ಹುಟ್ಟುವಾಗ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಶೇ 11. ಮೂರು ಕೆಜಿ ದಾಟಿ ದುಂಡಗೆ ಹುಟ್ಟಿದವರಲ್ಲಿ ಶೇ 3. ಶುಗರ್ ವಿಷಯ ಮಾತ್ರ ಬೇರೆ ಬಂತು. ಕುಳ್ಳಗೆ, ಮೈತುಂಬಿಕೊಂಡು ಹುಟ್ಟಿದವರಲ್ಲಿ, ತಾಯಿ ದಪ್ಪ ಇದ್ದವರಲ್ಲಿ ಶುಗರ್ ಜಾಸ್ತಿ. ಬಸುರಿಯಲ್ಲಿ ತಾಯಿಗೆ ಶುಗರ್ ಇತ್ತೇನೋ ಅನ್ನುವ ಅನುಮಾನ ಅಲ್ಲಿಂದ ಬಂತು. ಅದಕ್ಕೇ 1997ರಿಂದ ಅದೇ ಆಸ್ಪತ್ರೆಯಲ್ಲಿ ಬಸುರಿಯರ ಶುಗರ್ ನೋಡಿ, ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ಅಳೆಯುತ್ತಾ ಬಂದರು. ಪಾರ್ಥೆನಾನ್ ಅಧ್ಯಯನ ಅಂತ ಹೆಸರು. ಶುಗರ್ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದು ವರ್ಷಕ್ಕೇ ಕೊಬ್ಬು, ಇನ್ಸುಲಿನ್ ಎರಡೂ ಜಾಸ್ತಿ ಕಂಡವು.

ಅಪ್ಪಯ್ಯನಿಂದ ಬಂದದ್ದು ಒಂದು, ಅಮ್ಮನ ಹೊಟ್ಟೆಯಿಂದ ಬಂದದ್ದು ಒಂದು. ತೋಟದಲ್ಲಿ ಓಡಾಡಿದ್ದಕ್ಕೇ 43ರವರೆಗೆ ತಡೆದಿರಬಹುದು ಮಗಾ.

ನ್ಯೂಕ್ಯಾಸಲ್_ಕನ್ನಡಿಗ · ಮಂಗಳವಾರ ಮಧ್ಯಾಹ್ನ 3:05

ತೆಳ್ಳಗಿನವರ ಮಾತು ಬಂತಲ್ಲ, ನಮ್ಮೂರಿನ ಕಥೆ ಹೇಳುತ್ತೇನೆ. ಇಲ್ಲಿಯ ರಾಯ್ ಟೇಲರ್ ಅವರೂ ಗ್ಲಾಸ್ಗೋದ ಮೈಕ್ ಲೀನ್ ಅವರೂ ಸೇರಿ ಡೈರೆಕ್ಟ್ ಅಂತ ಪ್ರಯೋಗ ಮಾಡಿದರು. 306 ಜನ, ಶುಗರ್ ಬಂದು ಆರು ವರ್ಷದ ಒಳಗಿನವರು. ಅರ್ಧ ಜನಕ್ಕೆ ಮಾತ್ರೆ ನಿಲ್ಲಿಸಿ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಸೂಪು, ಶೇಕ್ ಮಾತ್ರ. ವರ್ಷದ ಕೊನೆಗೆ ಶೇ 46 ಜನರಿಗೆ ಮಾತ್ರೆಯೇ ಇಲ್ಲದೆ 6.5ರ ಕೆಳಗೆ. ಎರಡನೇ ವರ್ಷಕ್ಕೆ ಶೇ 36. ತೂಕ ಮರಳಿದವರಿಗೆ ಶುಗರೂ ಮರಳಿತು.

ಆಮೇಲೆ ದಪ್ಪ ಇಲ್ಲದ 20 ಜನರಲ್ಲಿ ಹಾಗೇ ಮಾಡಿ ನೋಡಿದರು. 14 ಜನರಿಗೆ ಶುಗರ್ ಹಿಂದೆ ಸರಿಯಿತು. ಇಪ್ಪತ್ತೇ ಜನ, ಅಂಕಿಸಂಖ್ಯೆ ಅವರು ಮೂಗು ಮುರಿಯುತ್ತಾರೆ ಅಂತ ಗೊತ್ತು.

ಅಂಕಿಸಂಖ್ಯೆ · ಮಂಗಳವಾರ ಮಧ್ಯಾಹ್ನ 3:30

ಮುರಿದಾಯಿತು. ಆದರೂ ಚೆನ್ನೈನಲ್ಲಿ ಡಾ. ರಾಮಚಂದ್ರನ್ ತಂಡದ ಪ್ರಯೋಗ ಇದಕ್ಕೆ ಹತ್ತಿರ ಬರುತ್ತದೆ. ಶುಗರ್ ಬರುವ ಅಂಚಿನಲ್ಲಿದ್ದ 531 ಜನ. ಏನೂ ಮಾಡದೆ ಬಿಟ್ಟವರಲ್ಲಿ ಮೂರು ವರ್ಷಕ್ಕೆ ಶೇ 55ರಷ್ಟು ಜನರಿಗೆ ಶುಗರ್ ಬಂತು. ನಡಿಗೆ, ಊಟ ಸರಿಮಾಡಿಕೊಂಡವರಲ್ಲಿ ಶೇ 39. ತೂಕ ಇಳಿಯದಿದ್ದರೂ ಲಾಭ ಆಗಿತ್ತು ಅನ್ನುವುದು ವಿಶೇಷ. ತೋಟಿಗರು ಅಂಚು ದಾಟಿದ್ದಾರೆ, ಅದು ಬೇರೆ ಮಾತು.

ತೀರ್ಥಹಳ್ಳಿ_ಮಳೆ · ಮಂಗಳವಾರ ರಾತ್ರಿ 8:45

ಎಲ್ಲರೂ ಕಣ್ಣು, ಕಿಡ್ನಿ ಅಂದರು. ಮಲೆನಾಡಿನವರಿಗೆ ನಾನು ಹೇಳಬೇಕಾದ್ದು ಕಾಲಿನ ವಿಷಯ.

ನಮ್ಮ ದೊಡ್ಡಪ್ಪನಿಗೆ ಮಳೆಗಾಲದಲ್ಲಿ ಬಚ್ಚಲು ಒಲೆಯ ಮುಂದೆ ಕಾಲು ಚಾಚಿ ಕೂರುವ ಅಭ್ಯಾಸ. ಹಂಡೆಯ ಕೆಳಗೆ ಕೆಂಡ, ಮುಂದೆ ಎರಡು ಪಾದ. ಒಂದು ಸಂಜೆ ಬೆರಳಿನ ತುದಿ ಕೆಂಡಕ್ಕೆ ತಾಗಿದೆ. ಅವರಿಗೆ ಗೊತ್ತೇ ಆಗಿಲ್ಲ. ಬೊಬ್ಬೆ ಎದ್ದು, ಒಡೆದು, ಮೂರನೇ ದಿನ ವಾಸನೆ ಬಂದಾಗ ದೊಡ್ಡಮ್ಮ ನೋಡಿದ್ದು. ನೋವು ಅನ್ನುವುದೇ ಇರಲಿಲ್ಲ. ಎರಡು ಬೆರಳು ತೆಗೆದರು.

ನೋವಿಲ್ಲದ ಕಾಲಿನ ಪಾಠ ಮೊದಲು ಸಿಕ್ಕಿದ್ದು ಕುಷ್ಠರೋಗಿಗಳಿಂದ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪಾಲ್ ಬ್ರ್ಯಾಂಡ್ ಅನ್ನುವ ಶಸ್ತ್ರವೈದ್ಯರಿದ್ದರು. ಬೆರಳು ಕಾಯಿಲೆಯಿಂದ ಉದುರುವುದಲ್ಲ, ನೋವು ಗೊತ್ತಾಗದೆ ದಿನಾ ಆಗುವ ಗಾಯದಿಂದ ಹೋಗುವುದು ಅಂತ ತೋರಿಸಿಕೊಟ್ಟರು. ಆಮೇಲೆ ಅಮೆರಿಕಕ್ಕೆ ಹೋಗಿ ಅದೇ ತಿಳಿವಳಿಕೆಯನ್ನು ಶುಗರ್ ಇರುವವರ ಪಾದಕ್ಕೂ ತಂದರು. ಅಂಗಾಲಿನ ಹುಣ್ಣಿಗೆ ಈಗ ಪೂರ್ತಿ ಹೊಂದುವ ಪ್ಲಾಸ್ಟರ್ ಹಾಕುತ್ತಾರಲ್ಲ, ಅದರ ದಾರಿ ಇದೇ.

ಅಪ್ಪಯ್ಯನ ಅಂಗಾಲನ್ನು ದಿನಾ ನೋಡಿ. ಅವರಿಗೆ ಬಗ್ಗಿ ನೋಡಿಕೊಳ್ಳಲು ಆಗುವುದಿಲ್ಲ. ಡಾಕ್ಟರ್ ಹತ್ತಿರ ಒಂದು ನೈಲಾನ್ ದಾರ ಇರುತ್ತದೆ, ಹತ್ತು ಗ್ರಾಂ ಒತ್ತಡಕ್ಕೆ ಬಗ್ಗುವಂಥದ್ದು. ಅದನ್ನು ಅಂಗಾಲಿಗೆ ಮುಟ್ಟಿಸಿ ಗೊತ್ತಾಗುತ್ತದಾ ಕೇಳುತ್ತಾರೆ. ಎರಡು ನಿಮಿಷದ ಕೆಲಸ. ಕೇಳಿ ಮಾಡಿಸಿ.

ಲ್ಯಾಬ್_ಟೇಬಲ್ಲು · ಮಂಗಳವಾರ ರಾತ್ರಿ 9:10

ಕಾಲಿನ ಜೊತೆ ಮೂತ್ರದ ಆಲ್ಬುಮಿನ್ ಟೆಸ್ಟ್ ಕೂಡ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯಾ ಅಂತ ನೋಡುವುದು. ಅಪ್ಪ ಮಗ ಇಬ್ಬರಿಗೂ. ಕಿಡ್ನಿ ಕೆಡುವುದನ್ನು ರಕ್ತದ ಕ್ರಿಯಾಟಿನಿನ್ ಟೆಸ್ಟಿಗಿಂತ ಮೊದಲು ಅದು ಹೇಳುತ್ತದೆ. ಬೆಳಗಿನ ಮೊದಲ ಮೂತ್ರ ತನ್ನಿ.

ಸಾಗರದ_ತೋಟಿಗ · ಭಾನುವಾರ ರಾತ್ರಿ 9:30

ಒಂದು ವಾರ ಆಯಿತು. ವರದಿ ಒಪ್ಪಿಸುತ್ತೇನೆ.

ಮಂಗಳವಾರವೇ ಹೋಗಿ ಬಂದೆ. ನನಗೆ ಮೆಟ್‌ಫಾರ್ಮಿನ್ ಶುರುವಾಗಿದೆ. ಗುರಿ ಆರೂವರೆ. ಕಣ್ಣು ನೋಡಿದರು, ಪರದೆ ಸ್ವಚ್ಛ ಇದೆ. ಡಾಕ್ಟರಿಗೆ ಬೆಲ್ಲದ ಕಥೆ ಹೇಳಿದೆ. "ಇದನ್ನೇ ಮೊದಲು ಹೇಳಬೇಕಿತ್ತು ಮಾರಾಯ, ರಿಪೋರ್ಟ್ ಆಮೇಲೆ" ಅಂದರು. ಅಪ್ಪಯ್ಯನ ಅಂಗಾಲಿಗೆ ದಾರ ಮುಟ್ಟಿಸಿದರು. ಎಡಗಾಲಿನ ಹೆಬ್ಬೆರಳಿನ ಕೆಳಗೆ ಗೊತ್ತಾಗಲಿಲ್ಲ. ಈಗ ಬಚ್ಚಲು ಒಲೆಯ ಮುಂದೆ ಮಣೆಯನ್ನು ಎರಡು ಮಾರು ಹಿಂದಕ್ಕೆ ಎಳೆದಿದ್ದೇನೆ. ಅದಕ್ಕೆ ಅವರ ಸಿಟ್ಟು ಇನ್ನೂ ಇಳಿದಿಲ್ಲ.

ನಾಲ್ಕು ರಾತ್ರಿ ಮೂರು ಗಂಟೆಗೆ ಎದ್ದು ಗ್ಲುಕೋಮೀಟರಿನಲ್ಲಿ ನೋಡಿದೆ. 118, 131, 109, 126. ಬೆವರಿಲ್ಲ.

ಬೀರುವಿನ ಬೀಗ ತೆಗೆದು ಬೆಲ್ಲದ ಡಬ್ಬಿಯನ್ನು ಅದರ ಜಾಗಕ್ಕೆ ತಂದಿಟ್ಟೆ. ಅಪ್ಪಯ್ಯ ಜಗಲಿಯಿಂದಲೇ ನೋಡುತ್ತಿದ್ದರು. ನನ್ನ ರಿಪೋರ್ಟಿನ ವಿಷಯ ಅವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಎಲೆ ಅಡಿಕೆ ಅಗಿಯುತ್ತಾ, "ಕೀಲಿಕೈ ಇತ್ಲಾಗೆ ಕೊಡು. ಇನ್ನು ಅದು ನನ್ನ ಹತ್ತಿರ ಇರಲಿ" ಅಂದರು.